ಮೂರು ವರ್ಷಕ್ಕೆ ಊರು ಬಿಡುವವರ ಕೆಲಸ

ಧಾರವಾಡದ ಸಪ್ತಾಪುರದಲ್ಲಿ ಒಂದು ಬಾಡಿಗೆ ಕೋಣೆ. ಭಾನುವಾರದ ಆರಾಧನೆ ಮುಗಿದಿದೆ, ಖಾನಾವಳಿಯ ಊಟವೂ ಆಗಿದೆ. ಚಾಪೆಯ ಮೇಲೆ ಕೂತ ಏಳೆಂಟು ವಿದ್ಯಾರ್ಥಿಗಳ ಕೈಯಲ್ಲಿ ಈಗ ಬೈಬಲ್ಲಿಲ್ಲ, ಮೊಬೈಲಿದೆ. ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ ತುಂಬುವ ಕೆಲಸ ನಡೆದಿದೆ. ಹಾವೇರಿ ಕಡೆಯಿಂದ ಬಂದ ಮೊದಲ ವರ್ಷದ ಹುಡುಗ ಎಂ.ಎ. ಓದುವ ಹುಡುಗಿಯನ್ನು ಕೇಳುತ್ತಾನೆ: "ಅಕ್ಕಾರ, ಜಾತಿ ಅನ್ನೂದ್ರಾಗ ಏನ್ ಬರೀಲ್ರಿ? ಸಾಲ್ಯಾಗ ಒಂದೈತಿ, ಸಭೆದಾಗ ಒಂದೈತಿ." ಆಕೆ ಅವಸರ ಮಾಡುವುದಿಲ್ಲ. "ತಡಿಯೋ ತಮ್ಮಾ, ಮೊದಲ ನಿಮ್ಮಪ್ಪಾರ ಸಾಲಿ ದಾಖಲೆ ತರಸು, ಆಮ್ಯಾಲೆ ನೋಡೂಣು."

ಕ್ರೈಸ್ತ ವಿದ್ಯಾರ್ಥಿ ಸೇವೆ ಎಂದರೆ ಹೊರಗಿನವರಿಗೆ ನೆನಪಾಗುವುದು ಗಿಟಾರು, ಹಾಡು, ಜೊತೆಗೊಂದು ಮತಾಂತರದ ಗುಮಾನಿ. ಒಳಗಿನವರಿಗೆ ಶಿಬಿರ, ಸಾಕ್ಷಿ, ಪ್ರಾರ್ಥನಾ ಕೂಟ. ಚಾಪೆಯ ಮೇಲಿನ ಆ ಅರ್ಜಿ ಎರಡೂ ಚಿತ್ರದಲ್ಲಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಲ್ಲಿ ಈ ಸೇವೆಯಿಂದ ಸಮಾಜ ಎಷ್ಟು ಬದಲಾದೀತು, ಎಲ್ಲಿ ಮುಗ್ಗರಿಸೀತು ಎಂದು ತಿಳಿಯಬೇಕಿದ್ದರೆ ಅರ್ಜಿ, ಹಾಜರಿ ಪುಸ್ತಕ, ಸಂಜೆಯ ಪಾಠದಂಥ ಬೇಸರದ ಕೆಲಸಗಳನ್ನೇ ನೋಡಬೇಕು.

ಸೇವೆ ಒಂದೇ ಬೇರಿನದಲ್ಲ. ಸ್ವೀಡನ್ನಿನ ವಾಡ್‌ಸ್ಟೇನಾದಲ್ಲಿ 1895ರಲ್ಲಿ ಜಾನ್ ಆರ್. ಮಾಟ್ ಮತ್ತಿತರರು ಕಟ್ಟಿದ ವರ್ಲ್ಡ್ ಸ್ಟೂಡೆಂಟ್ ಕ್ರಿಶ್ಚಿಯನ್ ಫೆಡರೇಶನ್ನಿನ ಧಾರೆಯಲ್ಲಿ ಭಾರತದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಲ್ಲಿ ಬಂತು. ದೇಶ, ಜಾತಿ, ದುಡಿಮೆಯ ಪ್ರಶ್ನೆಗಳನ್ನು ನಂಬಿಕೆಯ ಪಕ್ಕದಲ್ಲೇ ಇಟ್ಟು ಓದುವುದು ಇದರ ರೂಢಿ. ಆ ಫೆಡರೇಶನ್ನಿನಲ್ಲಿ ದುಡಿದ ಕೇರಳದ ಕ್ರೈಸ್ತ ಚಿಂತಕ ಎಂ.ಎಂ. ಥಾಮಸ್ ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ಟೀಕಿಸಿದರು, 1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರೂ ಆದರು. 1954ರಲ್ಲಿ ಹುಟ್ಟಿದ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾದ ಒತ್ತು ಬೈಬಲ್ ಅಧ್ಯಯನ ಮತ್ತು ವೈಯಕ್ತಿಕ ನಂಬಿಕೆಯ ಮೇಲೆ. ಕಥೋಲಿಕರಲ್ಲಿ 1924ರ ಆಲ್ ಇಂಡಿಯಾ ಕ್ಯಾಥೊಲಿಕ್ ಯೂನಿವರ್ಸಿಟಿ ಫೆಡರೇಶನ್ ಇದೆ. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ದುಡಿಯುವ ಯುವಕರಿಗೆಂದು ರೂಪಿಸಿದ ಕ್ರಮವನ್ನು ಬಳಸುವ ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್ ಇದೆ. ಆ ಕ್ರಮವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ನೋಡು, ತೂಗು, ಕೈಹಚ್ಚು. ಇಲ್ಲಿನ ಕಥೋಲಿಕ ಚರ್ಚುಗಳು ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಪ್ರೊಟೆಸ್ಟೆಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಉತ್ತರ ಕರ್ನಾಟಕ ಸಭಾಪ್ರಾಂತ್ಯದ ಕೇಂದ್ರ ಧಾರವಾಡದಲ್ಲೇ ಇದೆ. ಇವುಗಳ ಆಚೆ, ಯಾರ ಅಂಕೆಯೂ ಇಲ್ಲದ ಸ್ವತಂತ್ರ ಸಭೆಗಳ ಯೌವನಸ್ಥರ ಕೂಟಗಳಿವೆ. ಇಂಥ ಕೂಟಗಳಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ, ದಾಖಲೆಗೆ ಮಾತ್ರ ಬಹಳ ಕೊರತೆ.

ಮೊದಲ ಅರ್ಜಿ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಧಾರವಾಡದಲ್ಲಿ 1837, ಹುಬ್ಬಳ್ಳಿಯಲ್ಲಿ 1839, ಗದಗಿನ ಬೆಟಗೇರಿಯಲ್ಲಿ 1841ರಲ್ಲಿ ಕೇಂದ್ರ ತೆರೆಯಿತು. ಶಾಲೆ, ಮುದ್ರಣ, ಆಸ್ಪತ್ರೆ, 1894ರ ಕಿಟೆಲ್ ನಿಘಂಟು, ಈ ಪಟ್ಟಿ ಎಲ್ಲರಿಗೂ ಬಾಯಿಪಾಠ. ಆದರೆ ಶಿಕ್ಷಣದ ಮೂಲಕ ಈ ನಾಡಿನಲ್ಲಾದ ಬದಲಾವಣೆಯ ಕತೆ ಹೇಳುವಾಗ ಇನ್ನೊಂದು ಘಟನೆಯನ್ನು ಬಿಡುವಂತಿಲ್ಲ. 1856ರ ಜೂನ್‌ನಲ್ಲಿ ಅಸ್ಪೃಶ್ಯರೆನಿಸಿದ್ದ ಮಹಾರ್ ಜಾತಿಯ ಒಬ್ಬ ಧಾರವಾಡದ ಹುಡುಗ ತನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಮೇಲ್ಜಾತಿಯ ಮಕ್ಕಳು ಶಾಲೆ ಬಿಟ್ಟಾರೆಂಬ ಅಳುಕಿನಿಂದ ಸರ್ಕಾರ ಅವನನ್ನು ಸೇರಿಸಲಿಲ್ಲ. ವಿಷಯ ಮೇಲಿನವರೆಗೂ ಹೋಗಿ, ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ಪ್ರಕಟಣೆ 1858ರಲ್ಲಿ ಹೊರಬಿತ್ತು. ಅಂಬೇಡ್ಕರರು ಈ ಪ್ರಸಂಗವನ್ನು ಮತ್ತೆ ಮತ್ತೆ ಎತ್ತಿ ಹೇಳಿದ್ದಾರೆ.

ಹುಡುಗ ಒಬ್ಬ, ಅರ್ಜಿ ಒಂದು, ನಿಯಮ ಬದಲಾಯಿತು. ಆ ಹುಡುಗ ಮಾತ್ರ ಒಳಗೆ ಕೂರಲಿಲ್ಲ. ನಿಯಮ ಕಾಗದದಿಂದ ತರಗತಿಯ ನೆಲಕ್ಕೆ ಇಳಿಯಲು ಎಷ್ಟೋ ದಶಕ ಹಿಡಿಯಿತು. ಆ ದೀರ್ಘ ಓಟಕ್ಕೆ ಬೇಕಾದದ್ದು ಒಂದೇ ಕಡೆ ಬಹಳ ಕಾಲ ನಿಲ್ಲುವ ಜನ. ಮಿಷನ್ನಿಗೆ ಕಟ್ಟಡವಿತ್ತು, ಸಂಬಳದ ಮಾಸ್ತರರಿದ್ದರು, ಹಾಗಾಗಿ ನಿಂತಿತು. ಬಡ ಮಕ್ಕಳಿಗೆ ಅನ್ನ ಹಾಕಿ ಓದಿಸಿದ ಲಿಂಗಾಯತ ಮಠಗಳ ಪ್ರಸಾದ ನಿಲಯಗಳೂ ಹೀಗೇ ನಿಂತವು. ಇಂದಿನ ವಿದ್ಯಾರ್ಥಿ ಕೂಟಕ್ಕೆ ಕಟ್ಟಡವಿಲ್ಲ, ಸಂಬಳದವರು ಒಬ್ಬಿಬ್ಬರು. ಉಳಿದವರೆಲ್ಲ ಮೂರು ವರ್ಷಕ್ಕೆ ಗಂಟುಮೂಟೆ ಕಟ್ಟುವವರು. ಕರ್ನಾಟಕದಲ್ಲಿ ಪದವಿ 2024-25ರಿಂದ ಮತ್ತೆ ಮೂರೇ ವರ್ಷಕ್ಕೆ ಬಂದಿದೆ. ಮೊದಲ ವರ್ಷ ಊರು-ಕಾಲೇಜು ಅರ್ಥಮಾಡಿಕೊಳ್ಳಲು ಬೇಕು, ಕೊನೆಯ ಅರ್ಧ ವರ್ಷ ಸ್ಪರ್ಧಾತ್ಮಕ ಪರೀಕ್ಷೆಯ ಚಿಂತೆಯಲ್ಲಿ ಕಳೆಯುತ್ತದೆ. ಕೈಗೆ ಸಿಗುವುದು ಒಂದೂವರೆ ವರ್ಷ. ವಿರೋಧಕ್ಕಿಂತ, ಹಣದ ಕೊರತೆಗಿಂತ ಈ ಸೇವೆಯನ್ನು ಹೆಚ್ಚು ಮುರಿಯುವುದು ಈ ಲೆಕ್ಕವೇ.

ಒಂದು ಗಂಟೆಯ ಅಧ್ಯಯನ

ಕೂಟದ ಜೀವ ವಾರದ ಬೈಬಲ್ ಅಧ್ಯಯನ. ಆರರಿಂದ ಹತ್ತು ಮಂದಿ ಇದ್ದರೆ ಹದ. ಹನ್ನೆರಡು ದಾಟಿತೆಂದರೆ ಮಾತಾಡುವವರು ಮೂವರು, ಉಳಿದವರು ಕೇಳುಗರು. ಆಗ ಎರಡು ಗುಂಪು ಮಾಡಬೇಕು. ನೂರು ಜನ ಸೇರಿದ ಸಭೆಯ ಫೋಟೋ ಚೆನ್ನಾಗಿ ಬರುತ್ತದೆ, ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ.

ಯಾಕೋಬನ ಪತ್ರಿಕೆಯ 2ನೇ ಅಧ್ಯಾಯದ ಮೊದಲ ನಾಲ್ಕು ವಚನಗಳನ್ನು ತೆಗೆದುಕೊಳ್ಳಿ. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯ ಬಡವನಿಗೆ ಕಾಲಬಳಿ ಜಾಗ. ಮೊದಲ ಹದಿನೈದು ನಿಮಿಷ ಓದಿ, ಅಲ್ಲಿ ಏನು ನಡೆಯುತ್ತಿದೆ ಎಂದಷ್ಟೇ ಹೇಳುವುದು. ಮುಂದಿನ ಇಪ್ಪತ್ತು ನಿಮಿಷ ಬೋಧನೆ ಬೇಡ, ಪ್ರಶ್ನೆ ಸಾಕು: ನಮ್ಮೂರ ಸಭೆಯಲ್ಲಿ ಮುಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ? ಕ್ರಿಸ್‌ಮಸ್ ಊಟ ಬಡಿಸುವವರು ಯಾರು, ಪಾತ್ರೆ ತೊಳೆಯುವವರು ಯಾರು? ನಮ್ಮ ಹಾಸ್ಟೆಲಿನಲ್ಲಿ ಯಾರ ತಾಟಿನಿಂದ ಯಾರು ರೊಟ್ಟಿ ಮುರಿಯುತ್ತಾರೆ? ಹೆಸರು ಹೇಳಿ ಯಾರನ್ನೂ ದೂರಬಾರದು, ಆದರೆ ಕಂಡದ್ದನ್ನು ಹೇಳಬೇಕು. ಕೊನೆಯ ಹದಿನೈದು ನಿಮಿಷ ಒಂದೇ ತೀರ್ಮಾನಕ್ಕೆ: ಮುಂದಿನ ವಾರದೊಳಗೆ ಯಾರು, ಯಾವ ದಿನ, ಏನು ಮಾಡುತ್ತಾರೆ. ಉಳಿದ ಹತ್ತು ನಿಮಿಷ ಪ್ರಾರ್ಥನೆ.

ಕೆಡುವುದು ಎರಡನೆಯ ಭಾಗದಲ್ಲಿ. ನಡೆಸುವವರಿಗೆ ಮೌನವೆಂದರೆ ಭಯ. ಪ್ರಶ್ನೆ ಕೇಳಿ ಐದು ಸೆಕೆಂಡು ಕಾಯದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಅದು ಉಪದೇಶವಾಗುತ್ತದೆ. ಮೂರನೆಯ ಭಾಗದಲ್ಲಿ "ನಾವು ಇನ್ನೂ ಹೆಚ್ಚು ಪ್ರೀತಿಸಬೇಕು" ಎಂಬಂಥ ತೀರ್ಮಾನ ಬಂದರೆ ಏನೂ ಆಗುವುದಿಲ್ಲ. "ಬುಧವಾರ ರಾತ್ರಿ ಮೆಸ್ಸಿನಲ್ಲಿ ಇಂಥವನ ಜೊತೆ ಕೂತು ಊಟ" ಎಂಬುದನ್ನು ಮುಂದಿನ ವಾರ ಕೇಳಬಹುದು, ಆಯಿತೋ ಇಲ್ಲವೋ ಎಂದು.

ಸಂಜೆಯ ಪಾಠ: ಲೆಕ್ಕ ತಪ್ಪುವುದೆಲ್ಲಿ

ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳುವುದು ಎಲ್ಲ ಕೂಟಗಳ ಮೊದಲ ಉತ್ಸಾಹ. ಹುಬ್ಬಳ್ಳಿಯ ಸೆಟ್ಲಮೆಂಟ್ ಬಡಾವಣೆಯಂಥ ಕಡೆಯಾಗಲಿ, ಗದಗ-ಬೆಟಗೇರಿಯ ನೇಕಾರರ ಓಣಿಯಾಗಲಿ, ಮಕ್ಕಳು ಸಿಗುತ್ತಾರೆ. ಕಲಿಸುವವರು ಉಳಿಯುವುದಿಲ್ಲ. ಲೆಕ್ಕ ಹೀಗಿದೆ: 25 ಮಕ್ಕಳು, ವಾರಕ್ಕೆ ಐದು ಸಂಜೆ, ದಿನಕ್ಕೆ ಒಂದೂವರೆ ಗಂಟೆ, ಪ್ರತಿ ಸಂಜೆ ಇಬ್ಬರು ಕಲಿಸುವವರು. ಅಂದರೆ ವಾರಕ್ಕೆ ಹತ್ತು ಪಾಳಿ. ಒಬ್ಬರು ಎರಡು ಪಾಳಿ ಹಿಡಿದರೆ ಐದು ಜನ ಸಾಕೆಂದು ಕಾಗದ ಹೇಳುತ್ತದೆ. ಇಂಟರ್ನಲ್ಸ್, ಜ್ವರ, ಊರ ಜಾತ್ರೆ, ತಂಗಿಯ ಮದುವೆ ಎಲ್ಲ ಸೇರಿಸಿದರೆ ಎಂಟು ಜನ ಬೇಕು. ಐದು ಜನರಿಂದ ಶುರುವಾದ ಕೇಂದ್ರ ಎರಡನೆಯ ತಿಂಗಳಿಗೆ ಇಬ್ಬರ ಹೆಗಲಿಗೆ ಬೀಳುತ್ತದೆ, ನಾಲ್ಕನೆಯ ತಿಂಗಳಿಗೆ ಬೀಗ. ಎಂಟು ಜನ ಇಲ್ಲವೆಂದರೆ ವಾರಕ್ಕೆ ಮೂರೇ ಸಂಜೆ ಇಟ್ಟುಕೊಳ್ಳುವುದು ಮೇಲು. ಬಾಗಿಲು ಹಾಕಿದ ಕೇಂದ್ರದ ಮಕ್ಕಳು ಮುಂದಿನ ತಂಡವನ್ನು ನಂಬುವುದಿಲ್ಲ.

ಮೊದಲ ವಾರ ಪಾಠವೇ ಬೇಡ. ಪ್ರತಿ ಮಗುವನ್ನೂ ಬೇರೆಯಾಗಿ ಕೂರಿಸಿ ಕನ್ನಡ ಓದಿಸಬೇಕು: ಅಕ್ಷರ, ಪದ, ಒಂದನೇ ತರಗತಿಯ ನಾಲ್ಕು ಸಾಲು, ಎರಡನೇ ತರಗತಿಯ ಸಣ್ಣ ಕತೆ. ಮಕ್ಕಳ ಓದು-ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು ಬಳಸುವ ಸರಳ ಕ್ರಮವೇ ಇದು. ಒಂದು ಮಗುವಿಗೆ ಐದು ನಿಮಿಷ ಸಾಕು. ಆರನೇ ತರಗತಿಯ ಹುಡುಗ ಪದದ ಹಂತದಲ್ಲೇ ನಿಂತಿರುವುದು ಗೊತ್ತಾದರೆ ಅವನಿಗೆ ಆರನೇ ತರಗತಿಯ ಸಮಾಜ ವಿಜ್ಞಾನ ಹೇಳಿ ಏನು ಫಲ? ತರಗತಿ ಬಿಟ್ಟು ಓದಿನ ಹಂತದ ಪ್ರಕಾರ ಗುಂಪು ಮಾಡಬೇಕು. ತನಗಿಂತ ಚಿಕ್ಕವರ ಜೊತೆ ಕೂತ ದೊಡ್ಡ ಹುಡುಗನಿಗೆ ನಾಚಿಕೆಯಾಗದಂತೆ ಅವನಿಗೆ ಹಾಜರಿ ಹಾಕುವ ಕೆಲಸ ಕೊಡುವುದು ಕಲಿಸುವವರ ಜಾಣತನ.

ಊರಿನ ಪಂಚಾಂಗ ಗೊತ್ತಿಲ್ಲದ ತಂಡ ಜನವರಿಯಲ್ಲಿ ತಬ್ಬಿಬ್ಬಾಗುತ್ತದೆ. ಕುಂದಗೋಳ, ಬ್ಯಾಡಗಿ, ಗದಗಿನ ಎರೆ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲ ಅದು. ಅವ್ವನ ಜೊತೆ ಹೊಲಕ್ಕೆ ಹೋಗುವ, ಇಲ್ಲವೇ ಮನೆಯಲ್ಲಿ ತಮ್ಮನನ್ನು ಹೊರುವ ಹುಡುಗಿಯರು ಕೇಂದ್ರಕ್ಕೆ ಬರುವುದಿಲ್ಲ. ಎಸ್.ಎಸ್.ಎಲ್.ಸಿ. ತಯಾರಿ ಬಿಸಿಯೇರುವುದೂ ಆಗಲೇ. ಪಾಠವನ್ನು ಸಂಜೆ ಆರರಿಂದ ಏಳೂವರೆಗೆ ಸರಿಸಿದರೆ ಅರ್ಧದಷ್ಟಾದರೂ ಮರಳಿ ಬರುತ್ತಾರೆ. ಆದರೆ ಕತ್ತಲಾದ ಮೇಲೆ ಹುಡುಗಿಯರನ್ನು ಮನೆಗೆ ಮುಟ್ಟಿಸುವ ಹೊಣೆ ತಂಡದ್ದೇ. ಇನ್ನೊಂದು ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. 2023-24ರಿಂದ ಎಸ್.ಎಸ್.ಎಲ್.ಸಿ.ಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರಲ್ಲಿ ಗಣಿತವೋ ಇಂಗ್ಲಿಷೋ ಬಿದ್ದ ಮಗುವಿಗೆ ಸಹಾಯ ಹೆಚ್ಚು ಬೇಕಾಗುವುದು ಫಲಿತಾಂಶ ಬಂದು ಎರಡನೆಯ ಪರೀಕ್ಷೆ ನಡೆಯುವ ಆ ಕೆಲವೇ ವಾರಗಳಲ್ಲಿ, ಬೇಸಿಗೆಯಲ್ಲಿ. ಕಾಲೇಜು ಹುಡುಗರು ಆಗ ಊರಿಗೆ ಹೋಗಿರುತ್ತಾರೆ. ಇಬ್ಬರನ್ನು ಊರಲ್ಲೇ ಉಳಿಸಿಕೊಂಡು, ಬಿದ್ದ ನಾಲ್ಕೈದು ಮಕ್ಕಳಿಗೆ ದಿನಕ್ಕೆರಡು ಗಂಟೆ ಕಲಿಸುವುದು ಇಡೀ ವರ್ಷದ ಶಿಬಿರಗಳಿಗಿಂತ ತೂಕದ ಕೆಲಸ.

ಕೇಂದ್ರ ಎಲ್ಲಿರಬೇಕು? ಚರ್ಚಿನ ಹಾಲ್ ಬಿಟ್ಟಿ ಸಿಗುತ್ತದೆ ಎಂದು ಅಲ್ಲಿ ನಡೆಸುವುದು ಸುಲಭ, ಮತ್ತು ತಪ್ಪು. ಸರ್ಕಾರಿ ಶಾಲೆಯ ಕೋಣೆಯೋ ಸಮುದಾಯ ಭವನವೋ ಆಗಬೇಕು; ಮುಖ್ಯೋಪಾಧ್ಯಾಯರು, ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಲಿಖಿತ ಒಪ್ಪಿಗೆ ಬೇಕು. ಪ್ರತಿ ಮಗುವಿನ ಪಾಲಕರ ಸಹಿ ಇರುವ ಚೀಟಿ ಬೇಕು. ಯಾವ ಹೊತ್ತಿಗೂ ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಇರಬಾರದು, ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾಗಿರಬೇಕು. ಅಲ್ಲಿ ಪ್ರಾರ್ಥನೆಯಿಲ್ಲ, ನೋಟ್‌ಬುಕ್ಕಿನ ಮೇಲೆ ಬೈಬಲ್ ವಚನವಿಲ್ಲ. ಇದನ್ನು ಹೇಡಿತನ ಎನ್ನುವ ಪಾಸ್ಟರುಗಳಿದ್ದಾರೆ. ಹಾಗಲ್ಲ ಎಂಬುದಕ್ಕೆ ಕಾರಣ ಕಾನೂನಿನಲ್ಲಿ ಮಾತ್ರವಲ್ಲ, ನ್ಯಾಯದಲ್ಲೂ ಇದೆ: ಅಕ್ಷರ ಬೇಕೆಂದು ಬಂದ ಹತ್ತು ವರ್ಷದ ಮಗು ದೇವರ ವಿಷಯದಲ್ಲಿ ಬೇಡ ಎನ್ನುವ ಸ್ಥಿತಿಯಲ್ಲಿರುವುದಿಲ್ಲ.

ಕಾನೂನು ಏನೆನ್ನುತ್ತದೆ

ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ ಮೊದಲು ಸುಗ್ರೀವಾಜ್ಞೆಯಾಗಿ 2022ರ ಮೇ 17ರಿಂದ ಜಾರಿಗೆ ಬಂತು. ಬಲವಂತ, ಮೋಸ, ಆಮಿಷದ ಮತಾಂತರಕ್ಕೆ ಮೂರರಿಂದ ಐದು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರ ವಿಷಯದಲ್ಲಾದರೆ ಹತ್ತು ವರ್ಷದವರೆಗೆ ಜೈಲು, ಕನಿಷ್ಠ 50,000 ದಂಡ. ಎರಡು ಜನವಾದರೂ ಅದು "ಸಾಮೂಹಿಕ" ಮತಾಂತರ. ದಂಡ ಕನಿಷ್ಠ ಒಂದು ಲಕ್ಷ. ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು, ಆದ ಮೇಲೆ 30 ದಿನದೊಳಗೆ ಇನ್ನೊಂದು. ರಕ್ತಸಂಬಂಧಿಗಳಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ಅಪರಾಧ ಜಾಮೀನುರಹಿತ, ಆರೋಪ ಸುಳ್ಳೆಂದು ತೋರಿಸುವ ಭಾರ ಮತಾಂತರ ಮಾಡಿಸಿದರೆನ್ನಲಾದವರ ಮೇಲೆ. 2023ರ ಜೂನ್ 15ರಂದು ರಾಜ್ಯ ಸಚಿವ ಸಂಪುಟ ಈ ಕಾನೂನನ್ನು ಹಿಂಪಡೆಯಲು ತೀರ್ಮಾನಿಸಿತು. ಸಂಪುಟದ ತೀರ್ಮಾನ ಒಂದರಿಂದಲೇ ಯಾವ ಕಾನೂನೂ ರದ್ದಾಗುವುದಿಲ್ಲ, ಅದಕ್ಕೆ ಎರಡೂ ಸದನಗಳ ಒಪ್ಪಿಗೆ, ರಾಜ್ಯಪಾಲರ ಅಂಕಿತ ಬೇಕು ಎಂಬುದನ್ನು ಸುದ್ದಿ ಓದಿ ಖುಷಿಪಟ್ಟ ಎಷ್ಟೋ ತಂಡಗಳು ಮರೆತವು.

ವಿದ್ಯಾರ್ಥಿಗಳು ಓದಲೇಬೇಕಾದ ಭಾಗ "ಆಮಿಷ"ದ ವ್ಯಾಖ್ಯೆ. ನಗದು, ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆ-ಕಾಲೇಜಿನಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ ಎಲ್ಲ ಅದರಲ್ಲಿವೆ. ಒಂದು ಧರ್ಮವನ್ನು ಹೊಗಳಲು ಇನ್ನೊಂದನ್ನು ಹೀಗಳೆಯುವುದೂ ಇದೆ. ಶಿಬಿರಕ್ಕೆ ಕರೆಸಿದ ಭಾಷಣಕಾರರು ಬೇರೆಯವರ ದೇವರ ಬಗ್ಗೆ ಹಗುರವಾಗಿ ಆಡಿದ ಎರಡು ವಾಕ್ಯ ಮೊಬೈಲಿನಲ್ಲಿ ಸಿಕ್ಕರೆ ಮೂರು ವರ್ಷದ ಕೆಲಸ ಒಂದು ಸಂಜೆಯಲ್ಲಿ ಮಣ್ಣಾಗುತ್ತದೆ. 2021ರ ಅಕ್ಟೋಬರಿನಲ್ಲಿ ಹುಬ್ಬಳ್ಳಿಯ ಭೈರಿದೇವರಕೊಪ್ಪದ ಪ್ರಾರ್ಥನಾ ಮಂದಿರದೊಳಗೆ ಗುಂಪೊಂದು ನುಗ್ಗಿ ಭಜನೆ ಮಾಡಿದ ಮೇಲೆ ಈ ಭಾಗದಲ್ಲಿ ವಾತಾವರಣ ಎಷ್ಟು ಬಿಗಿಯಾಗಿದೆ ಎಂಬುದು ಎಲ್ಲರಿಗೂ ಗೊತ್ತು.

ಇನ್ನೊಂದು ಮಗ್ಗುಲೂ ಇದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ; ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಪ್ರಾಪ್ತ ವಯಸ್ಸಿನ ಸ್ನೇಹಿತರು ಕೋಣೆಯಲ್ಲಿ ಕೂತು ಬೈಬಲ್ ಓದುವುದು ಅಪರಾಧವಲ್ಲ. ಸಂಜೆ ಪಾಠದ ಜೊತೆ ಅದನ್ನು ಕಲಸಿದಾಗಲೇ ಗಂಟು ಬೀಳುವುದು. ಎರಡಕ್ಕೂ ಬೇರೆ ಜಾಗ, ಬೇರೆ ಹೊತ್ತು, ಬೇರೆ ಹಾಜರಿ ಪುಸ್ತಕ ಇಟ್ಟವರು ಪೊಲೀಸರು ಬಂದ ದಿನ ಪುಸ್ತಕ ತೋರಿಸಿ ಮಾತಾಡಬಲ್ಲರು.

ಹಣದ ವಿಷಯ ಚಿಕ್ಕದು, ಆದರೆ ಕಚ್ಚುವಂಥದ್ದು. ವಿದೇಶಿ ಪ್ರಜೆ ಅಥವಾ ಸಂಸ್ಥೆ ಕಳಿಸಿದ ಕಾಣಿಕೆಗೆ ಎಫ್.ಸಿ.ಆರ್.ಎ. (ವಿದೇಶಿ ಕಾಣಿಕೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ನೋಂದಾಯಿತ ಸಂಸ್ಥೆಯೂ ಆ ಹಣವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. "ಅಣ್ಣನ ಫಾರಿನ್ ಫ್ರೆಂಡ್ ಐದು ಸಾವಿರ ಹಾಕ್ಯಾನ" ಎಂದು ಖಜಾಂಚಿ ಹುಡುಗ ತನ್ನ ಸ್ವಂತ ಖಾತೆಗೆ ಹಾಕಿಸಿಕೊಳ್ಳುವುದು ದೊಡ್ಡ ಅಪಾಯ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿ ದುಡಿಯುವವರ ಉಳಿತಾಯದ ಹಣ ಬೇರೆ, ಅದು ವಿದೇಶಿ ಕಾಣಿಕೆ ಎನಿಸುವುದಿಲ್ಲ. ನಲವತ್ತು ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಐವತ್ತು ರೂಪಾಯಿ ಕೊಟ್ಟರೆ ಎರಡು ಸಾವಿರ. ಒಂದು ಕೇಂದ್ರದ ಸೀಮೆಸುಣ್ಣ, ನೋಟ್‌ಬುಕ್ಕು, ಚುರುಮುರಿಗೆ ಸಾಕು.

ಮತ್ತೆ ಆ ಜಾತಿ ಕಾಲಮ್ಮು

ಮೊದಲ ವರ್ಷದ ಹುಡುಗನ ಪ್ರಶ್ನೆಗೆ ಉತ್ತರ ಸರಳವಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್ (1956ರಿಂದ), ಬೌದ್ಧ (1990ರಿಂದ) ಧರ್ಮದವರು ಮಾತ್ರ ಪರಿಶಿಷ್ಟ ಜಾತಿಗೆ ಸೇರುತ್ತಾರೆ. ಕ್ರೈಸ್ತರಾದವರಿಗೆ ಆ ಪ್ರಮಾಣಪತ್ರವಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ-1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಪ್ರವರ್ಗ-1ಕ್ಕೆ ಕೆನೆಪದರದ, ಅಂದರೆ ಉಳ್ಳವರನ್ನು ಹೊರಗಿಡುವ, ಮಿತಿಯಿಲ್ಲ. ಪರಿಶಿಷ್ಟ ಪಂಗಡದ ಲೆಕ್ಕ ಬೇರೆಯೇ: ಅಲ್ಲಿ ಧರ್ಮ ಅಡ್ಡ ಬರುವುದಿಲ್ಲ. ಕಲಘಟಗಿ ಕಡೆಯ ಸಿದ್ದಿ ಹುಡುಗಿ ಹಿಂದೂ ಆಗಿರಲಿ, ಮುಸ್ಲಿಂ ಆಗಿರಲಿ, ಕ್ರೈಸ್ತಳಾಗಿರಲಿ ಪಂಗಡದ ಪ್ರಮಾಣಪತ್ರ ಪಡೆಯಬಲ್ಲಳು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರಲ್ಲಿ. ಇದು ಗೊತ್ತಿಲ್ಲದೆ ಆಕೆಯನ್ನು 3ಬಿಗೆ ಅರ್ಜಿ ಹಾಕಿಸಿದರೆ ಸಹಾಯ ಮಾಡಲು ಹೋಗಿ ಕೈಗೆ ಬಂದದ್ದನ್ನು ಕಳೆದಂತೆ.

ಶಾಲೆಯ ದಾಖಲೆಯಲ್ಲಿ "ಹಿಂದೂ" ಎಂದಿದ್ದು, ಮನೆಯವರು ವರ್ಷಗಳಿಂದ ಸಭೆಗೆ ಹೋಗುತ್ತಿರುವ ಕುಟುಂಬಗಳು ಬಹಳ. ಕೆಲವರು ದೀಕ್ಷಾಸ್ನಾನ ತೆಗೆದುಕೊಂಡಿಲ್ಲ, ಬರೇ ಪ್ರಾರ್ಥನೆಗೆ ಹೋಗುತ್ತಾರೆ. ಕೆಲವರು ತೆಗೆದುಕೊಂಡು ಸುಮ್ಮನಿದ್ದಾರೆ. ಕ್ರೈಸ್ತ ನಂಬಿಕೆಯಲ್ಲಿ ಬದುಕುತ್ತ ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಬಗೆಯುವ ವಂಚನೆ ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿದೆ. ಅಸ್ಪೃಶ್ಯತೆ ಧರ್ಮ ಬದಲಿಸಿದರೆ ಬಿಟ್ಟುಹೋಗುತ್ತದೆಯೇ ಎಂಬ ಪ್ರಶ್ನೆಯನ್ನು ಈ ತೀರ್ಪು ಮುಗಿಸಲಿಲ್ಲ. ಊರ ಹೋಟೆಲಿನಲ್ಲಿ ಲೋಟ ಕೊಡುವವರು ದೀಕ್ಷಾಸ್ನಾನದ ರಿಜಿಸ್ಟರ್ ನೋಡುವುದಿಲ್ಲ. ಪಟ್ಟಿ ಬದಲಾಗಬೇಕು ಎಂಬ ದಲಿತ ಕ್ರೈಸ್ತರ ಬೇಡಿಕೆಯಲ್ಲಿ ಹುರುಳಿದೆ. ಆದರೆ ಇವತ್ತು ಅರ್ಜಿ ತುಂಬುವ ಅಕ್ಕ ಮಾಡಬೇಕಾದದ್ದು ಹುಡುಗನಿಗೆ ಇರುವ ಎಲ್ಲ ದಾರಿ, ಒಂದೊಂದರ ಪರಿಣಾಮ ತಿಳಿಸುವುದು, ಸುಳ್ಳು ಬರೆಸದಿರುವುದು, ದೀಕ್ಷಾಸ್ನಾನಕ್ಕೂ ಅವಸರ ಮಾಡದಿರುವುದು. ತೀರ್ಮಾನ ಅವನದು ಮತ್ತು ಅವನ ಮನೆಯವರದು.

ಅರ್ಜಿ ಬೀಳುವುದು ಇನ್ನೂ ಸಣ್ಣ ಕಾರಣಗಳಿಗೆ. ಸಭೆಯಲ್ಲಿ ಯೋಹಾನ, ಅಂಕಪಟ್ಟಿಯಲ್ಲಿ ಯಲ್ಲಪ್ಪ, ಆಧಾರಿನಲ್ಲಿ "ಯಲ್ಲಪ್ಪ ಯೋಹಾನ", ರಾಜ್ಯದ ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಪೋರ್ಟಲ್ಲು ಒಪ್ಪುವುದಿಲ್ಲ. ಅಂಕಪಟ್ಟಿಗೆ ಹೊಂದುವಂತೆ ಆಧಾರ್ ತಿದ್ದಿಸುವುದು ಸುಲಭದ ದಾರಿ, ತಿರುಗಾಮುರುಗಾ ಮಾಡಿದರೆ ವರ್ಷ ಹೋಗುತ್ತದೆ. ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದೇವೆ ಎನ್ನುತ್ತಾರೆ, ಆದರೆ ನೇರ ಹಣ ವರ್ಗಾವಣೆಗೆ ಆ ಖಾತೆ ರಾಷ್ಟ್ರೀಯ ಪಾವತಿ ನಿಗಮದಲ್ಲಿ (ಎನ್.ಪಿ.ಸಿ.ಐ.) ಆಧಾರಿಗೆ ಜೋಡಣೆಯಾಗಿರುವುದಿಲ್ಲ, ಹಣ ಮಂಜೂರಾಗಿಯೂ ಬರುವುದಿಲ್ಲ. ಇಂಥ ಎಂಟು ಅರ್ಜಿ ಸರಿಮಾಡಿದ ಕೂಟಕ್ಕೆ ಮುಂದಿನ ವರ್ಷ ಎಲ್ಲ ಜಾತಿ-ಧರ್ಮದ ಹುಡುಗರೂ ಕೋಣೆ ಹುಡುಕಿಕೊಂಡು ಬರುತ್ತಾರೆ. ಅವರಿಗೂ ತುಂಬಿಕೊಡಬೇಕು, ಪ್ರಾರ್ಥನೆಗೆ ಕೂರಿಸಬಾರದು.

ಒಳಗಿನ ಮಾತೂ ಬರಬೇಕು. ಒಂದೇ ತಾಟಿನಲ್ಲಿ ಉಣ್ಣುವ ಹುಡುಗರು ಮದುವೆ ಮಾತು ಬಂದಾಗ ಹಳೆಯ ಕುಲದ ಗೆರೆಗೇ ಮರಳುವುದು ಸಾಮಾನ್ಯ. ಹೆಣ್ಣುಮಕ್ಕಳು ಹಾಡುತ್ತಾರೆ, ಊಟದ ಲೆಕ್ಕ ಹಿಡಿಯುತ್ತಾರೆ, ಕಾರ್ಯದರ್ಶಿಯಾಗುವುದು ವಿರಳ; ಹಾಸ್ಟೆಲ್ ಬಾಗಿಲು ಬೇಗ ಮುಚ್ಚುತ್ತದೆ ಎಂದು ಕಾರಣ ಕೊಡುತ್ತಾರೆ, ಆದರೂ ಕೂಟದ ಹೊತ್ತನ್ನು ಸಂಜೆ ನಾಲ್ಕಕ್ಕೆ ಸರಿಸುವುದಿಲ್ಲ. ಮೂರು ದಿನದ ಶಿಬಿರಕ್ಕೆ ಎರಡು ತಿಂಗಳು ಓಡಾಡುವ ತಂಡ ಆ ಎರಡು ತಿಂಗಳು ಓಣಿಯ ಪಾಠ ನಿಲ್ಲಿಸಿದ್ದನ್ನು ವರದಿಯಲ್ಲಿ ಬರೆಯುವುದಿಲ್ಲ.

ಹಸ್ತಾಂತರಕ್ಕೆ ಎಲ್ಲರೂ ಏಪ್ರಿಲ್ ಆರಿಸುತ್ತಾರೆ, ವಿದಾಯ ಕೂಟದ ದಿನ. ತಡವಾಯಿತು. ಜನವರಿಯಲ್ಲೇ ಎರಡನೆಯ ವರ್ಷದ ಇಬ್ಬರು ಹೊಣೆ ಹೊರಬೇಕು, ಹಳಬರು ಮೂರು ತಿಂಗಳು ಪಕ್ಕದಲ್ಲಿರಬೇಕು. ದಾಟಿಸಬೇಕಾದದ್ದು ಒಂದು 200 ಪುಟದ ನೋಟ್‌ಬುಕ್ಕು: ಮಕ್ಕಳ ಹೆಸರು ಮತ್ತು ಓದಿನ ಹಂತ, ಪಾಲಕರ ಚೀಟಿ, ಶಾಲೆಯ ಒಪ್ಪಿಗೆ ಪತ್ರ, ಯಾವ ಅರ್ಜಿ ಯಾವ ಮೇಜಿನಲ್ಲಿ ನಿಂತಿದೆ, ಜಮಾ-ಖರ್ಚು, ಕೋಣೆಯ ಬೀಗದ ಎರಡನೆಯ ಕೈ ಯಾರ ಮನೆಯಲ್ಲಿದೆ. ಪದವಿ ಮುಗಿಸಿ ಊರಲ್ಲೇ ನೌಕರಿ ಹಿಡಿದ ಒಬ್ಬ ಹಳೆಯ ವಿದ್ಯಾರ್ಥಿ ತಿಂಗಳಿಗೊಮ್ಮೆ ಬಂದು ಆ ಪುಸ್ತಕಕ್ಕೆ ಸಹಿ ಹಾಕಬೇಕು. ಬೈಬಲ್ ಅಧ್ಯಯನ ಯಾವ ಕೋಣೆಯಲ್ಲಾದರೂ ಮತ್ತೆ ಶುರುವಾಗುತ್ತದೆ. ಪದದ ಹಂತದಿಂದ ಕತೆಯ ಹಂತಕ್ಕೆ ಬರುತ್ತಿದ್ದ ಹುಡುಗ ಯಾರು ಎಂಬುದು ಆ ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತದೆ.